ಸಲಾಯಿನ್ ಜೋರು ಬಿಡುವ ಬಗ್ಗೆ

ಹಾವೇರಿ ಕಡೆ ಹೈವೇ ಅಪಘಾತದ ಕೇಸ್ ಬಂದರೆ ಜೊತೆಯವರದು ಒಂದೇ ಮಾತು: "ಡಾಕ್ಟರ್ರ, ಇನ್ನೊಂದು ಸಲಾಯಿನ್ ಹಚ್ರಿ, ಜೋರ ಬಿಡ್ರಿ." ಅವರನ್ನು ಬೈಯಲು ಮನಸ್ಸಾಗುವುದಿಲ್ಲ. ಕಣ್ಣಿಗೆ ಕಾಣುವ ಚಿಕಿತ್ಸೆ ಅದೊಂದೇ ಅಲ್ವಾ? ವೈದ್ಯರಿಗೂ ಮೊದಲು ಎರಡು ಲೀಟರ್ ಸುರಿಯಿರಿ ಎಂದೇ ಕಲಿಸುತ್ತಿದ್ದರು. ಗಾಯಾಳುಗಳ ತುರ್ತು ಚಿಕಿತ್ಸೆಯನ್ನು ವೈದ್ಯರಿಗೆ ಕಲಿಸುವ ಎಟಿಎಲ್‌ಎಸ್ ಕೋರ್ಸಿನ ಹತ್ತನೇ ಆವೃತ್ತಿ 2018ರಲ್ಲಿ ಬಂದು ಅದನ್ನು ಒಂದು ಲೀಟರ್‌ಗೆ ಇಳಿಸಿತು.

ಒಳಗೆ ರಕ್ತ ಸೋರುತ್ತಿರುವಾಗ ಸಲಾಯಿನ್ ಜಾಸ್ತಿ ಹೋದರೆ ಬಿಪಿ ಏರಿ, ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಬರಬಹುದು. ಉಳಿದ ರಕ್ತ ತೆಳ್ಳಗಾಗುತ್ತದೆ. ಮೈ ತಣ್ಣಗಾಗುತ್ತದೆ, ಆಮೇಲೆ ಹೆಪ್ಪುಗಟ್ಟುವುದೇ ಕಷ್ಟ. ಅದಕ್ಕೇ 250 ಎಂಎಲ್ ಬಿಟ್ಟು, ಮಣಿಕಟ್ಟಿನ ನಾಡಿ ನೋಡಿ, ಮತ್ತೆ ಯೋಚನೆ. ಮೇಲಿನ ಬಿಪಿ 80-90 ಇದ್ದರೆ ಸದ್ಯಕ್ಕೆ ಸಾಕು. ತಲೆಗೆ ಪೆಟ್ಟಾಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಮಿದುಳಿಗೆ ಇನ್ನೂ ಹೆಚ್ಚು ಬಿಪಿ ಬೇಕು. (ಹೆಲ್ಮೆಟ್ ಟ್ಯಾಂಕ್ ಮೇಲಿಟ್ಟು ಓಡಿಸುವವರು ಇದನ್ನು ಓದಲಿ.)

ರಕ್ತ ಸಿಗದ ಕಡೆ ಕೈಯಲ್ಲಿರುವುದು ಸ್ವಲ್ಪವೇ. ಗಾಯ ಒತ್ತಿ ಹಿಡಿಯುವುದು, ಕಂಬಳಿ ಹೊದಿಸುವುದು, ಪೆಟ್ಟಾಗಿ ಮೂರು ಗಂಟೆಯೊಳಗೆ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಕೊಡುವುದು. ಅದು ಅಗ್ಗದ ಔಷಧಿ, ಫ್ರಿಜ್ ಕೂಡ ಬೇಡ. ಅಷ್ಟರಲ್ಲಿ ಹುಬ್ಬಳ್ಳಿಗೆ ಆಂಬ್ಯುಲೆನ್ಸ್ ಹೊರಡಬೇಕು. ಸುಮ್ನೆ ಬಾಟ್ಲಿ ಖಾಲಿಯಾಗಲಿ ಎಂದು ಕಾಯಬಾರದು.