ಟವರ್ ಫುಲ್, ಫೋಟೊ ಮಾತ್ರ ಹೋಗಲ್ಲ

2023ರ ನವೆಂಬರ್ 12, ದೀಪಾವಳಿ ಭಾನುವಾರ. ಚಿನ್ನಸ್ವಾಮಿಯಲ್ಲಿ ಭಾರತ–ನೆದರ್ಲೆಂಡ್ಸ್ ವಿಶ್ವಕಪ್ ಪಂದ್ಯ. ನಮ್ಮ ಕೆ.ಎಲ್. ರಾಹುಲ್ 50ನೇ ಓವರಿನಲ್ಲಿ ಸಿಕ್ಸರ್ ಎತ್ತಿ ಶತಕ ಮುಗಿಸಿದರು. ಆ ಓವರ್ ಮುಗಿಯುತ್ತಲೇ ಇನಿಂಗ್ಸ್ ಬ್ರೇಕ್. ಮೊಬೈಲ್ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಇಂಥ ಗಳಿಗೆಯೇ ನಿಜವಾದ ಪರೀಕ್ಷೆ. ಶತಕದ ವಿಡಿಯೊ ಮನೆಯವರ ಗ್ರೂಪಿಗೆ ಹಾಕುವವರು, ವಿಡಿಯೊ ಕಾಲ್‌ನಲ್ಲಿ ಮೈದಾನ ತೋರಿಸುವವರು, ತಿಂಡಿ ಕೌಂಟರಿನಲ್ಲಿ ಯುಪಿಐ ಮಾಡುವವರು ಎಲ್ಲ ಒಂದೇ ಹತ್ತು ನಿಮಿಷದಲ್ಲಿ ಮೇಲೆ ಬೀಳುತ್ತಾರೆ. ಫೋನಿನಲ್ಲಿ ಟವರ್ ಫುಲ್ ಕಾಣುತ್ತಿರುತ್ತದೆ. ಫೋಟೊ ಮಾತ್ರ ಸುತ್ತುತ್ತಲೇ ಇರುತ್ತದೆ.

ಪಂದ್ಯಕ್ಕೆ ಮುಂಚಿನ ತಪಾಸಣೆ ಎಂದರೆ ಬಹಳ ಕಡೆ ನಡೆಯುವುದು ಇಷ್ಟೇ: ಖಾಲಿ ಸ್ಟೇಡಿಯಂನಲ್ಲಿ ಒಂದು ಸುತ್ತು, ಸ್ಟ್ಯಾಂಡಿಗೊಂದು ಸ್ಪೀಡ್‌ಟೆಸ್ಟ್, ಡೌನ್‌ಲೋಡ್ ಚೆನ್ನಾಗಿ ಬಂತು, ರಿಪೋರ್ಟ್ ಓಕೆ. ಆ ರಿಪೋರ್ಟಿಗೆ ಮೂರು ಕಾಸಿನ ಬೆಲೆಯಿಲ್ಲ. ಸ್ಟೇಡಿಯಂ ಸೋಲುವುದು ಡೌನ್‌ಲೋಡಿನಲ್ಲಿ ಅಲ್ಲ, ಅಪ್‌ಲಿಂಕ್‌ನಲ್ಲಿ, ಅಂದರೆ ಫೋನಿನಿಂದ ಟವರ್ ಕಡೆಗೆ ಹೋಗುವ ದಾರಿಯಲ್ಲಿ.

ಲೆಕ್ಕ ಹಾಕಿ ನೋಡಿ. ಸ್ಟೇಡಿಯಂನಲ್ಲಿ 35,000 ಜನ, ಒಂದು ಕಂಪನಿಯ ಪಾಲು ಶೇ 40 ಎಂದುಕೊಂಡರೆ 14,000 ಸಿಮ್. ಅದರಲ್ಲಿ ಶೇ 30ರಷ್ಟು ಒಂದೇ ಹೊತ್ತಿಗೆ ಕನೆಕ್ಟ್ ಆಗಿದ್ದರೆ 4,200 ಫೋನು. ಅವುಗಳಲ್ಲಿ ಶೇ 15 ನಿಜಕ್ಕೂ ಏನಾದರೂ ಕಳಿಸುತ್ತಿವೆ ಎಂದರೆ 630. ಒಂದೊಂದಕ್ಕೆ ಅರ್ಧ ಎಂಬಿಪಿಎಸ್ ಕೊಟ್ಟರೂ 315 ಎಂಬಿಪಿಎಸ್ ಅಪ್‌ಲಿಂಕ್ ಬೇಕು. 20 ಮೆಗಾಹರ್ಟ್ಸ್‌ನ ಒಂದು 4ಜಿ ಸೆಲ್ (ಒಂದು ಆಂಟೆನಾ ನೋಡಿಕೊಳ್ಳುವ ಪ್ರದೇಶ) ಜನಸಂದಣಿಯಲ್ಲಿ ಸರಾಸರಿ 16 ಎಂಬಿಪಿಎಸ್ ಮೇಲಕ್ಕೆ ಸಾಗಿಸುತ್ತದೆ ಎಂದಿಟ್ಟುಕೊಳ್ಳಿ, 20 ಸೆಲ್ ಬೇಕಾಯಿತು. ಸೆಲ್ಲಿಗೆ 300 ಕನೆಕ್ಷನ್ ಎಂದು ಎಣಿಸಿದರೆ 14 ಸಾಕಿತ್ತು. ದೊಡ್ಡದು ಯಾವುದೋ ಅದನ್ನೇ ಕಟ್ಟಬೇಕು. ಶೇಕಡಾವಾರು ಇಲ್ಲಿ ಪ್ಲಾನಿಂಗಿನ ಅಂದಾಜು ಅಷ್ಟೆ. ಹಿಂದಿನ ಪಂದ್ಯದಲ್ಲಿ ನೆಟ್‌ವರ್ಕ್ ಎಣಿಸಿಟ್ಟ ಅಂಕಿಗಳು ಕೈಯಲ್ಲಿದ್ದರೆ ಅವನ್ನೇ ಹಾಕಿ.

ಇಲ್ಲೊಂದು ಬಲೆ ಇದೆ. 2300 ಬ್ಯಾಂಡಿನ 4ಜಿ ಟಿಡಿಡಿಯಲ್ಲಿ (ಹೋಗುವುದೂ ಬರುವುದೂ ಒಂದೇ ತರಂಗದಲ್ಲಿ, ಸರದಿಯಂತೆ) ಸಾಮಾನ್ಯವಾಗಿ ಹತ್ತು ಸಬ್‌ಫ್ರೇಮಿಗೆ, ಅಂದರೆ ಕಾಲದ ತುಣುಕಿಗೆ, ಎರಡು ಮಾತ್ರ ಅಪ್‌ಲಿಂಕ್‌ಗೆ ಸಿಗುತ್ತವೆ. 3300 ಬ್ಯಾಂಡಿನ 5ಜಿಯಲ್ಲೂ ಐದು ಸ್ಲಾಟಿಗೆ ಒಂದೇ ಎಂಬ ಪದ್ಧತಿ. ಪಂದ್ಯ ಇದೆ ಅಂತ ಅದನ್ನು ಒಂದು ಸ್ಟೇಡಿಯಂಗೆ ಮಾತ್ರ ಬದಲಿಸಿದರೆ ಅಕ್ಕಪಕ್ಕದ ಸೈಟುಗಳು ಇದರ ಅಪ್‌ಲಿಂಕ್ ಮೇಲೆಯೇ ಡೌನ್‌ಲಿಂಕ್ (ಟವರ್‌ನಿಂದ ಫೋನಿಗೆ ಬರುವ ಸಿಗ್ನಲ್) ಸುರಿಯುತ್ತವೆ. ಹಾಗಾಗಿ ಮೇಲಕ್ಕೆ ಕಳಿಸುವವರನ್ನು 1800 ಮತ್ತು 2100ರ ಎಫ್‌ಡಿಡಿಗೆ (ಹೋಗಲು, ಬರಲು ಬೇರೆ ಬೇರೆ ತರಂಗ) ದೂಡಬೇಕು, ಅಲ್ಲಿ ಬರುವ ದಾರಿಯಷ್ಟೇ ಅಗಲ ಹೋಗುವ ದಾರಿಗೂ ಇದೆ. ನಾನ್‌ಸ್ಟ್ಯಾಂಡ್‌ಅಲೋನ್ 5ಜಿ (4ಜಿಗೆ ಆತುಕೊಂಡು ನಡೆಯುವ 5ಜಿ) ಇದ್ದರೆ ಡೌನ್‌ಲಿಂಕ್ 5ಜಿಯಲ್ಲಿ, ಅಪ್‌ಲಿಂಕ್ 4ಜಿ ಆಂಕರ್‌ನಲ್ಲಿ ಎಂಬಂತೆ ಥ್ರೆಶೋಲ್ಡ್ ಇಟ್ಟರೆ ಬಹಳಷ್ಟು ಉಸಿರು ಬರುತ್ತದೆ.

ಸೆಲ್ ಹೆಚ್ಚಿಸಿದಷ್ಟೂ ಸಾಮರ್ಥ್ಯ ಹೆಚ್ಚುತ್ತದೆ ಎಂಬುದೂ ಅರ್ಧ ಸತ್ಯ. ಸ್ಟೇಡಿಯಂ ಒಂದು ಬೋಗುಣಿ. ಎದುರಿನ ಸ್ಟ್ಯಾಂಡಿನ ಆಂಟೆನಾಕ್ಕೂ ನಿಮ್ಮ ಫೋನ್ ನೇರ ಕಾಣುತ್ತದೆ. ಚಾವಣಿಯಿಂದ ಇಳಿಸುವ ಆಂಟೆನಾಗಳಿಗೆ 30 ಡಿಗ್ರಿ ಅಥವಾ ಇನ್ನೂ ಕಿರಿದಾದ ಬೀಮ್ ಬೇಕು, ಟಿಲ್ಟ್ (ಆಂಟೆನಾ ಬಾಗಿದ ಕೋನ) ಕೆಳ ಸಾಲುಗಳ ಮೇಲೆ ನಿಲ್ಲಬೇಕು. ಸೀಟಿನ ಕೆಳಗೆ ಇಡುವ ಆಂಟೆನಾಗಳ ಕಥೆ ಬೇರೆ, ಅಲ್ಲಿ ಕೂತ ಜನರ ಮೈಯೇ ಗೋಡೆ. ಜನ ತುಂಬಿದಷ್ಟೂ ಒಂದು ಸೆಕ್ಟರಿನ (ಒಂದು ದಿಕ್ಕಿನ ಸೆಲ್) ಸಿಗ್ನಲ್ ಇನ್ನೊಂದಕ್ಕೆ ಸೋರುವುದು ಕಡಿಮೆ. ಖಾಲಿ ಸ್ಟೇಡಿಯಂನ ಅಳತೆ ಈ ವಿಷಯದಲ್ಲೂ ಸುಳ್ಳು ಹೇಳುತ್ತದೆ.

ನೋಡಬೇಕಾದ ಅಂಕಿ ಒಂದೇ ಒಂದಾದರೆ, ಅದು ಅಪ್‌ಲಿಂಕ್ ನಾಯ್ಸ್, ಅಂದರೆ ಟವರ್‌ಗೆ ಕೇಳಿಸುವ ರೇಡಿಯೊ ಗದ್ದಲ. ಒಂದು ರಿಸೋರ್ಸ್ ಬ್ಲಾಕಿಗೆ (ಸೆಲ್ ಫೋನುಗಳಿಗೆ ಹಂಚುವ ತರಂಗದ ತುಣುಕು) ಮೈನಸ್ 118 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸು ಇದ್ದರೆ ಸೆಲ್ ಆರೋಗ್ಯವಾಗಿದೆ. ಮೈನಸ್ 105ಕ್ಕೆ ಏರಿತೆಂದರೆ ದೂರದ ಫೋನುಗಳ ದನಿ ಅಡಗಿ ಹೋಗುತ್ತದೆ. ದನಿ ಅಡಗಿದ ಫೋನ್ ಪವರ್ ಏರಿಸುತ್ತದೆ, ಅದರಿಂದ ಪಕ್ಕದ ಸೆಕ್ಟರಿನಲ್ಲಿ ನಾಯ್ಸ್ ಏರುತ್ತದೆ, ಅಲ್ಲಿನ ಫೋನುಗಳೂ ಪವರ್ ಏರಿಸುತ್ತವೆ. ಈ ಸುಳಿಗೆ ಬಿದ್ದ ಮೇಲೆ ಎಬ್ಬಿಸುವುದು ಕಷ್ಟ. ಆದ್ದರಿಂದ ಪಂದ್ಯದ ದಿನ ಫೋನುಗಳ ಆರಂಭಿಕ ಪವರ್ ಗುರಿಯನ್ನು ಒಂದೆರಡು ಡೆಸಿಬಲ್ ಇಳಿಸಿಡುವುದು ಲೇಸು. ಒಬ್ಬೊಬ್ಬರ ವೇಗ ತುಸು ಕುಗ್ಗುತ್ತದೆ, ಎಲ್ಲರದ್ದೂ ನಡೆಯುತ್ತದೆ.

ಜನವೇ ಇಲ್ಲದಾಗಲೂ ನಾಯ್ಸ್ ಏರಿದ್ದರೆ? ಆಗ ಪಿಐಎಂ ಹುಡುಕಿ, ಅಂದರೆ ಎರಡು ಸಿಗ್ನಲ್ ಸಡಿಲ ಜಾಯಿಂಟಿನಲ್ಲಿ ಬೆರೆತು ಹುಟ್ಟುವ ಬೇಡದ ಸಿಗ್ನಲ್. ಎಲ್ಲ ಕಂಪನಿಗಳೂ ಒಂದೇ ಡಿಎಎಸ್ (ಸಿಗ್ನಲನ್ನು ಹಲವು ಆಂಟೆನಾಗಳಿಗೆ ಹಂಚುವ ವ್ಯವಸ್ಥೆ) ಕೇಬಲ್ ಹಂಚಿಕೊಂಡ ಕಡೆ ಇದು ಖಾಯಿಲೆಯಂತೆ. 1810 ಮತ್ತು 1870 ಮೆಗಾಹರ್ಟ್ಸ್‌ನ ಎರಡು ಡೌನ್‌ಲಿಂಕ್‌ಗಳು ಒಂದೇ ಸಡಿಲ ಜಾಯಿಂಟಿನಲ್ಲಿ ಹಾದವು ಎನ್ನಿ. 1810ರ ಎರಡು ಪಟ್ಟಿನಲ್ಲಿ 1870 ಕಳೆದರೆ 1750. ಅದು ಸೀದಾ 1710ರಿಂದ 1785ರ ಅಪ್‌ಲಿಂಕ್ ಬ್ಯಾಂಡಿನೊಳಗೆ ಬೀಳುತ್ತದೆ. ಯಾರ ಕ್ಯಾರಿಯರ್‌ನಲ್ಲೂ ತಪ್ಪಿಲ್ಲ, ತಪ್ಪು ಜಾಯಿಂಟಿನದು.

ಹಿಡಿಯುವುದು ಹೀಗೆ: ಡೌನ್‌ಲಿಂಕ್ ಮೇಲೆ ಡಮ್ಮಿ ಲೋಡ್ ಹಾಕಿ ಅಪ್‌ಲಿಂಕ್ ನಾಯ್ಸ್ ನೋಡಿ. ಲೋಡ್ ಜೊತೆ ನಾಯ್ಸ್ ಏರಿಳಿದರೆ ಅನುಮಾನ ಖಚಿತ. ಆಮೇಲೆ ಪಿಐಎಂ ಅನಲೈಸರ್‌ನಿಂದ 20 ವಾಟಿನ ಎರಡು ಟೋನ್ ಬಿಟ್ಟು, ಸ್ಕ್ರೂಡ್ರೈವರ್ ಹಿಡಿಯಿಂದ ಒಂದೊಂದೇ ಕನೆಕ್ಟರನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ರೀಡಿಂಗ್ ಮೈನಸ್ 150 ಡಿಬಿಸಿಗಿಂತ (ಬಿಟ್ಟ ಟೋನಿಗೆ ಹೋಲಿಸಿದ ಡೆಸಿಬಲ್) ಕೆಳಗೆ ನಿಂತರೆ ಸರಿ. ತಟ್ಟಿದಾಗ ರೀಡಿಂಗ್ ಎಗರಿತೋ, ಅದನ್ನೇ ಬಿಚ್ಚಿ. ಒಳಗೆ ತಾಮ್ರದ ಚೂರೋ, ಬೆವರು ಕೈಯ ಜಿಡ್ಡೋ, ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಬಿಗಿದ ಗುರುತೋ ಇರುತ್ತದೆ. ಆಲ್ಕೊಹಾಲಿನಲ್ಲಿ ಒರೆಸಿ ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿಯಿರಿ: 4.3-10 ಕನೆಕ್ಟರ್‌ಗೆ 5 ನ್ಯೂಟನ್ ಮೀಟರ್, 7/16 ಡಿನ್‌ಗೆ 25. ಆಂಟೆನಾ ಮುಂದಿರುವ ತುಕ್ಕು ಹಿಡಿದ ರೇಲಿಂಗ್, ಬ್ಯಾನರ್ ಕಟ್ಟಿದ ಕಬ್ಬಿಣದ ತಂತಿಯೂ ಇದೇ ಕೆಲಸ ಮಾಡುತ್ತವೆ. ಪ್ರಾಯೋಜಕರ ಬ್ಯಾನರ್ ಹಿಂದಿನ ರಾತ್ರಿ ಬರುವುದರಿಂದ ಪಂದ್ಯದ ಬೆಳಿಗ್ಗೆ ಮತ್ತೊಮ್ಮೆ ನೋಡಲೇಬೇಕು.

ಇನ್ನು ಸಿಗ್ನಲಿಂಗ್, ಅಂದರೆ ಫೋನ್ ಮತ್ತು ನೆಟ್‌ವರ್ಕ್ ನಡುವಿನ ನಿಯಂತ್ರಣದ ಮಾತುಕತೆ. ಸುಮ್ಮನೆ ಕೂತ ಫೋನನ್ನು ಬಿಡಿಸುವ ಇನಾಕ್ಟಿವಿಟಿ ಟೈಮರ್ 10 ಸೆಕೆಂಡ್ ಇದ್ದರೆ 5ಕ್ಕೆ ಇಳಿಸಿ. ಎರಡಕ್ಕೆ ಇಳಿಸುವ ಉತ್ಸಾಹ ಬೇಡ, ಬಿಟ್ಟ ಫೋನುಗಳೇ ಮತ್ತೆ ಮತ್ತೆ ಬಾಗಿಲು ತಟ್ಟಿ ರ್‍ಯಾಂಡಮ್ ಆಕ್ಸೆಸ್ ಚಾನೆಲ್ ತುಂಬುತ್ತವೆ. ಅದಕ್ಕೂ ಮೀರಿದರೆ ಆಕ್ಸೆಸ್ ಬಾರಿಂಗ್ ಇದೆ: ಮಾಮೂಲಿ ಸಿಮ್‌ಗಳು 0ರಿಂದ 9ರ ವರ್ಗ, ಭದ್ರತೆ, ತುರ್ತು ಸೇವೆ, ಕಂಪನಿಯ ಸ್ವಂತ ಬಳಕೆ ಇತ್ಯಾದಿಯವು 11ರಿಂದ 15. ಮೊದಲಿನವರಲ್ಲಿ ಕೆಲವರನ್ನು ಕ್ಷಣಕಾಲ ತಡೆದರೂ 112 ಮತ್ತು ಪೊಲೀಸರ ಸಿಮ್ ನಿಲ್ಲಬಾರದು; ಇದನ್ನು ಮೊದಲೇ ಪರೀಕ್ಷಿಸಿಡಿ. ಪ್ರೇಕ್ಷಕರಿಗೂ ಒಂದು ಮಾತು: ಗದ್ದಲದಲ್ಲಿ ವಾಟ್ಸಾಪ್ ಕಾಲ್‌ಗಿಂತ ಮಾಮೂಲಿ ಕಾಲ್ ಹೋಗುವ ಸಾಧ್ಯತೆ ಹೆಚ್ಚು. ಮಾಮೂಲಿ ಕಾಲ್ ಹೋಗುವ VoLTEಗೆ (4ಜಿ ಮೇಲಿನ ಧ್ವನಿ ಕರೆ) ನೆಟ್‌ವರ್ಕಿನಲ್ಲಿ ಪ್ರತ್ಯೇಕ ಆದ್ಯತೆಯಿದೆ, ವಾಟ್ಸಾಪ್ ಕಾಲ್ ರೀಲ್ಸ್ ಜೊತೆಗೇ ಕ್ಯೂ ನಿಲ್ಲುತ್ತದೆ.

ಮಳೆ ಬಂದರೆ ಎರಡು ಪೆಟ್ಟು. 2023ರ ನವೆಂಬರ್ 4ರಂದು ಇದೇ ಮೈದಾನದಲ್ಲಿ ನ್ಯೂಜಿಲೆಂಡ್ 401 ಹೊಡೆದೂ ಮಳೆಯಿಂದಾಗಿ ಡಕ್‌ವರ್ತ್ ಲೂಯಿಸ್ ಲೆಕ್ಕದಲ್ಲಿ ಪಾಕಿಸ್ತಾನಕ್ಕೆ 21 ರನ್‌ಗಳಿಂದ ಸೋತಿತು. ಹನಿ ಬಿದ್ದೊಡನೆ ಕೆಳ ಸಾಲಿನವರು ಚಾವಣಿ ಕೆಳಗೆ, ಮೆಟ್ಟಿಲ ಸಂದಿಗೆ ಓಡುತ್ತಾರೆ. ಬೌಲ್ ಸೆಕ್ಟರುಗಳು ಖಾಲಿ, ಒಳ ಹಾದಿಯ ಸೆಲ್ಲುಗಳು ಬಿರಿಯುವಷ್ಟು ಭರ್ತಿ. ಒಳ ಹಾದಿಗೆ ಮಳೆಯ ಲೆಕ್ಕದಲ್ಲೇ ಸಾಮರ್ಥ್ಯ ಇಡಬೇಕು. ಚಿನ್ನಸ್ವಾಮಿಯಲ್ಲಿ 2017ರಿಂದ ಸಬ್‌ಏರ್ (ನೆಲದಡಿಯಿಂದ ನೀರು ಹೀರುವ ವ್ಯವಸ್ಥೆ) ಇರುವುದರಿಂದ ಮೈದಾನ ಬೇಗ ಒಣಗುತ್ತದೆ, ಜನ ವಾಪಸ್ ಸೀಟಿಗೆ ಹೋಗುವುದೂ ಅಷ್ಟೇ ಬೇಗ. ಕೈಯಲ್ಲಿ ಪ್ಯಾರಾಮೀಟರ್ ಬದಲಿಸುತ್ತಾ ಕೂರಲು ಸಮಯ ಸಿಗದು. ಎರಡನೇ ಪೆಟ್ಟು ಬ್ಯಾಕ್‌ಹಾಲ್‌ಗೆ, ಅಂದರೆ ಟವರನ್ನು ಉಳಿದ ನೆಟ್‌ವರ್ಕಿಗೆ ಸೇರಿಸುವ ಕೊಂಡಿಗೆ. ತಾತ್ಕಾಲಿಕವಾಗಿ ತಂದು ನಿಲ್ಲಿಸಿದ ಸೆಲ್ ಆನ್ ವೀಲ್ಸ್ ಗಾಡಿಗೆ 80 ಗಿಗಾಹರ್ಟ್ಸ್ ಮೈಕ್ರೋವೇವ್ ಕೊಟ್ಟಿದ್ದರೆ ಜೋರು ಮಳೆಯಲ್ಲಿ ಕಿಲೋಮೀಟರಿಗೆ 15–20 ಡೆಸಿಬಲ್ ನುಂಗಿ ಹೋಗುತ್ತದೆ. ಫೈಬರ್ ಸಿಗುವ ಕಡೆಯೇ ಗಾಡಿ ನಿಲ್ಲಿಸಿ.

ಫೈಬರ್ ಎರಡು ದಾರಿಯಲ್ಲಿ ಬರಲಿ, ಕಬ್ಬನ್ ರಸ್ತೆ ಕಡೆಯಿಂದ ಒಂದು, ಕ್ವೀನ್ಸ್ ರಸ್ತೆ ಕಡೆಯಿಂದ ಇನ್ನೊಂದು. ನಕ್ಷೆ ನಂಬದೆ ಚೇಂಬರ್ ಮುಚ್ಚಳ ತೆಗೆದು ನೋಡಿ. ಕಾಗದದ ಮೇಲೆ ಬೇರೆಯಾದವು ನೆಲದಡಿ ಒಂದೇ ಡಕ್ಟಿನಲ್ಲಿ ಮಲಗಿರುವುದುಂಟು. ಒಂದನ್ನು ಕಿತ್ತು ಟ್ರಾಫಿಕ್ ಇನ್ನೊಂದಕ್ಕೆ ಹೊರಳುತ್ತದೆಯೇ ಎಂದು ಪಂದ್ಯಕ್ಕೆ ವಾರ ಮುಂಚೆಯೇ ಪರೀಕ್ಷಿಸಿ. ಕೊನೆಯ 72 ಗಂಟೆ ಯಾವ ಬದಲಾವಣೆಯೂ ಬೇಡ.

ಕರೆಂಟಿನ ಲೆಕ್ಕ ಸರಳ. 3 ಕಿಲೋವಾಟ್ ಲೋಡ್, 48 ವೋಲ್ಟ್, ಅಂದರೆ 62.5 ಆಂಪಿಯರ್. ನಾಲ್ಕು ಗಂಟೆಗೆ 250 ಆಂಪಿಯರ್ ಅವರ್, ಬ್ಯಾಟರಿಯನ್ನು ಶೇ 80ರವರೆಗೆ ಮಾತ್ರ ಬಳಸುವುದಾದರೆ 312. ನೂರರ ಲಿಥಿಯಂ ಮಾಡ್ಯೂಲ್ ನಾಲ್ಕು ಬೇಕು. ಡೀಸೆಲ್ ಬೆಳಿಗ್ಗೆಯೇ ತುಂಬಿಸಿ, ಗೇಟ್ ತೆರೆದ ಮೇಲೆ ಕ್ಯಾನ್ ಹಿಡಿದು ಒಳಗೆ ಬರಲು ಪೊಲೀಸರು ಬಿಡುವುದಿಲ್ಲ.

ಪಂದ್ಯ ಮುಗಿದ ಅರ್ಧ ಗಂಟೆ ಲೋಡ್ ಬೀದಿಗೆ ಇಳಿಯುತ್ತದೆ. ಟ್ರ್ಯಾಕಿಂಗ್ ಏರಿಯಾದ (ಫೋನ್ ಎಲ್ಲಿದೆ ಎಂದು ನೆಟ್‌ವರ್ಕ್ ಗುರುತಿಟ್ಟುಕೊಳ್ಳುವ ವಲಯ) ಗಡಿ ಸ್ಟೇಡಿಯಂ ಗೇಟಿನಲ್ಲಿ ಬಿದ್ದಿದ್ದರೆ ಹೊರಬರುವ ಪ್ರತಿ ಫೋನೂ ಅಪ್‌ಡೇಟ್ ಕಳಿಸಿ ಕೋರ್ (ನೆಟ್‌ವರ್ಕಿನ ಕೇಂದ್ರ ಭಾಗ) ಮೇಲೆ ಮುಗಿಬೀಳುತ್ತದೆ. ಸ್ಟೇಡಿಯಂ, ಎಂ.ಜಿ. ರಸ್ತೆ, ನೆಲದಡಿಯ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ಮೂರೂ ಒಂದೇ ಏರಿಯಾದಲ್ಲಿರಲಿ, ನೆರೆ ಸೆಲ್‌ಗಳ ಪಟ್ಟಿಯಲ್ಲಿ ನಿಲ್ದಾಣದ ಒಳಗಿನ ಸೆಲ್ ಇರಲಿ. 2023ರ ವಿಶ್ವಕಪ್ ಪಂದ್ಯಗಳ ದಿನ ನಮ್ಮ ಮೆಟ್ರೊ ಕಾಗದದ ರಿಟರ್ನ್ ಟಿಕೆಟ್ ಮಾರಿದ್ದು ನಮ್ಮ ಕಣ್ಣಿಗೆ ಒಳ್ಳೆಯ ಟೆಲಿಕಾಂ ಉಪಾಯವೂ ಹೌದು: ಸಾವಿರಾರು ಜನ ಗೇಟಿನ ಮುಂದೆ ಕ್ಯೂಆರ್ ಕೋಡಿಗಾಗಿ ಡೇಟಾ ಹುಡುಕುವುದು ತಪ್ಪುತ್ತದೆ.

ಜನ ಖಾಲಿಯಾದ ಮೇಲೆ, ಅದೇ ರಾತ್ರಿ, ಟೈಮರ್, ಪವರ್ ಗುರಿ, ಬಾರಿಂಗ್ ಎಲ್ಲವನ್ನೂ ಹಿಂದಿನಂತೆ ಮಾಡುವ ಸ್ಕ್ರಿಪ್ಟ್ ಓಡಿಸಿ, ಓಡಿದೆಯೇ ಎಂದು ಸೆಲ್‌ವಾರು ತಾಳೆ ನೋಡಿ. ಮರೆತರೆ ಸೋಮವಾರ ಹನ್ನೊಂದು ಗಂಟೆಗೆ ಎಂ.ಜಿ. ರಸ್ತೆಯ ಆಫೀಸುಗಳಿಂದ ಕಂಪ್ಲೇಂಟ್ ಶುರುವಾಗುತ್ತದೆ: ಕಟ್ಟಡದ ಒಳಗೆ ಅಪ್‌ಲೋಡ್ ಆಗುತ್ತಿಲ್ಲ ಎಂದು.