ಕಫ್ ಚಿಕ್ಕದಿತ್ತು, ನಾನು ತಪ್ಪನ್ನು ತೂಕದ ಮೇಲೆ ಹಾಕಿದೆ

ಕಳೆದ ತಿಂಗಳು ದಾವಣಗೆರೆಯಲ್ಲಿ ಎನ್‌ಸಿಡಿ, ಅಂದರೆ ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ ತರಬೇತಿ ಇತ್ತು. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಸಿಎಚ್‌ಒಗಳು (ಸಮುದಾಯ ಆರೋಗ್ಯ ಅಧಿಕಾರಿಗಳು), ಸ್ಟಾಫ್ ನರ್ಸ್‌ಗಳು ಬಂದಿದ್ದರು. ಮಧ್ಯಾಹ್ನದ ಸೆಷನ್ ನನ್ನದು. ಬೊಜ್ಜಿನ ಆರೈಕೆ, ಜೊತೆಗೆ ದಪ್ಪ ಇರುವವರ ಮನಸ್ಸು ನೋಯಿಸದೆ ಮಾತಾಡಿಸುವುದು ಹೇಗೆ ಅನ್ನುವುದು.

ಊಟ ಆಗಿ ಎಲ್ಲರ ಕಣ್ಣು ಎಳೆಯುತ್ತಿತ್ತು. ಡೆಮೊ ಮಾಡೋಣ ಅಂತ ಮುಂದಿನ ಸಾಲಿನ ಒಬ್ಬ ಸಿಸ್ಟರ್‌ನ ಕರೆದೆ. ಅವರನ್ನೇ ಕರೆದದ್ದು ಅವರು ದಪ್ಪ ಇದ್ದರು ಅಂತ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಚೆನ್ನಾಗಿ ತೋರಿಸಬಹುದು ಅನ್ನಿಸಿತ್ತು. ಆಗಬಹುದಾ ಅಂತ ಕೇಳಲೂ ಇಲ್ಲ, "ಬನ್ನಿ ಸಿಸ್ಟರ್" ಅಂದೆ.

ಅವರು ತೂಕದ ಮಷಿನ್ ಹತ್ತಿದರು. ಪಕ್ಕದಲ್ಲಿದ್ದವರು ಒಪಿಡಿಯಲ್ಲಿ ರಿಜಿಸ್ಟರ್ ಬರೆಯುವವರಿಗೆ ಕೂಗುವ ಹಾಗೆಯೇ ಕೂಗಿದರು, "ತೊಂಬತ್ತೊಂದೂವರೆ!" ನಾನು ಅದನ್ನು ಬೋರ್ಡ್ ಮೇಲೆ ಬರೆದೆ. ನಮ್ಮ ಭಾರತೀಯರಿಗೆ ಬಿಎಂಐ 23 ಮುಟ್ಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು ಅಂತ ವಿವರಿಸಿದೆ. ಆಮೇಲೆ ತೋಳಿಗೆ ಕಫ್ ಪಟ್ಟಿ ಸುತ್ತಿ ಬಿಪಿ ನೋಡಿದೆ. 148/94. "ನೋಡಿ, ತೂಕ ಜಾಸ್ತಿ ಆದರೆ ಹೀಗೆ" ಅಂದುಬಿಟ್ಟೆ.

ಸಿಸ್ಟರ್ ತಲೆ ಎತ್ತದೆ ಹೇಳಿದರು, "ಮೇಡಂ, ಈ ಕಫ್ ನನ್ನ ತೋಳಿಗೆ ಚಿಕ್ಕದು."

ಟೇಪ್ ಹಿಡಿದು ತೋಳಿನ ಸುತ್ತಳತೆ ನೋಡಿದೆ. 37 ಸೆಂ.ಮೀ. ಸಾಮಾನ್ಯ ಕಫ್ ಸುಮಾರು 34 ಸೆಂ.ಮೀ.ವರೆಗಿನ ತೋಳಿಗೆ ಸರಿ. ಚಿಕ್ಕ ಕಫ್ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಇದು ನನ್ನದೇ ಪಿಪಿಟಿಯಲ್ಲಿದೆ. ಅಳೆಯುವ ಮೊದಲು ಐದು ನಿಮಿಷ ಕೂರಿಸಬೇಕು ಅನ್ನುವುದೂ ಇದೆ. ಎರಡೂ ಮಾಡದೆ, ಅವರ ಮೈ ನೋಡಿ ಕಾರಣ ಹೇಳಿಬಿಟ್ಟಿದ್ದೆ.

ದೊಡ್ಡ ಕಫ್ ಹುಡುಕಿ ತರಲು ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವರು ಎಲ್ಲರ ಎದುರು ಕುರ್ಚಿಯಲ್ಲಿ ಕೂತಿದ್ದರು. ಯಾರೂ ಮಾತಾಡಲಿಲ್ಲ. ಬೋರ್ಡ್ ಮೇಲೆ ತೊಂಬತ್ತೊಂದೂವರೆ ಹಾಗೇ ಇತ್ತು. ಅಳಿಸಬೇಕು ಅಂತ ನನಗೆ ಹೊಳೆಯಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಸಿಸ್ಟರ್ ಎದ್ದು ಬಂದು, ನನ್ನ ಕಡೆ ನೋಡದೆ ಒರೆಸಿ ಹೋದರು. ಎರಡನೇ ಸಲ 138/86 ಬಂತು.

ಚಹಾದ ಹೊತ್ತಿಗೆ ಕ್ಷಮೆ ಕೇಳಿದೆ. "ಅಭ್ಯಾಸ ಆಗಿದೆ ಬಿಡಿ ಮೇಡಂ" ಅಂದರು. ಎರಡು ವರ್ಷದಿಂದ ಮಂಡಿ ನೋವಂತೆ. ಎಲ್ಲಿ ಹೋದರೂ "ತೂಕ ಇಳಿಸಿ, ಬಾಯಿ ಕಟ್ಟಿ" ಅಂತಲೇ ಹೇಳಿ ಕಳಿಸಿದರಂತೆ. ಮಂಡಿ ಮುಟ್ಟಿ ನೋಡಿದವರು ಒಬ್ಬರೂ ಇಲ್ಲ. ಈಗ ತೋರಿಸುವುದನ್ನೇ ಬಿಟ್ಟಿದ್ದಾರೆ. ಆಸ್ಪತ್ರೆಯಲ್ಲೇ ದುಡಿಯುವವರು ಆಸ್ಪತ್ರೆಗೆ ತೋರಿಸಲು ಹಿಂಜರಿದರೆ, ಹಳ್ಳಿಯಿಂದ ಬಸ್ ಹತ್ತಿ ಬರುವ ತಾಯಿ ಎರಡನೇ ಸಲ ಬರುತ್ತಾಳಾ? ಥೈರಾಯ್ಡ್, ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ), ಸ್ಟೆರಾಯ್ಡ್, ಇನ್ಸುಲಿನ್, ನಿದ್ದೆಗೇಡು ಯಾವುದರಿಂದಲೂ ತೂಕ ಏರಬಹುದು. ಇಳಿಸಿದ ಮೇಲೆ ಹಸಿವು ಹೆಚ್ಚಾಗಿ ಮೈ ಮತ್ತೆ ಹಳೇ ತೂಕಕ್ಕೇ ಎಳೆಯುತ್ತದೆ. ತೂಕ ಶೇ. 5ರಿಂದ 10 ಇಳಿದರೂ ಶುಗರ್, ಬಿಪಿಗೆ ಒಳ್ಳೆಯದು. ಇದನ್ನೆಲ್ಲ ಹೇಳಲೆಂದೇ ಹೋದವಳು ನಾನು.

ಈಗ ಡೆಮೊಗೆ ನನ್ನ ತೂಕವನ್ನೇ ನೋಡಿಸುತ್ತೇನೆ. ಮಷಿನ್ ಇಡುವುದು ಪರದೆಯ ಹಿಂದೆ. "ತೂಕ ನೋಡಬಹುದಾ?" ಅಂತ ಕೇಳಿ, ರೀಡಿಂಗ್ ಕೂಗದೆ ಚೀಟಿಯಲ್ಲಿ ಬರೆಯಿರಿ ಅಂತ ಹೇಳುತ್ತೇನೆ. ಮೇಲಿನಿಂದ ಬಂದ ಪಿಪಿಟಿಯಲ್ಲಿ ತಲೆಯಿಲ್ಲದ ಹೊಟ್ಟೆಯ ಫೋಟೊ ಇತ್ತು, ತೆಗೆದುಹಾಕಿದೆ. ತಪಾಸಣೆಯ ಲೆಕ್ಕ ಪೋರ್ಟಲ್‌ನಲ್ಲಿ ಎಂಟ್ರಿ ಎಷ್ಟಾಯಿತು ಅಂತ ದಿನಾ ಕೇಳುವವರಿದ್ದಾರೆ. ಆದರೆ ದೊಡ್ಡ ಕಫ್‌ಗೆ ಎರಡು ಸಲ ಇಂಡೆಂಟ್ (ಬೇಡಿಕೆ ಪತ್ರ) ಹಾಕಿದೆ, ಎರಡು ಸಲವೂ ಲಿಸ್ಟ್‌ನಲ್ಲಿ ಇಲ್ಲ ಅಂತ ವಾಪಸ್ ಬಂತು. ಕೊನೆಗೆ ನಾನೇ ಒಂದು ಕೊಂಡು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ.

ಆ ಸಿಸ್ಟರ್ ಮಂಡಿಗೆ ಇನ್ನೂ ಎಕ್ಸ್‌-ರೇ ಆಗಿಲ್ಲ. ಗುರುವಾರ ಆರ್ಥೋ (ಮೂಳೆ) ಒಪಿಡಿಗೆ ಅವರ ಜೊತೆ ನಾನೂ ಹೋಗುತ್ತಿದ್ದೇನೆ.