ವಾರ್ಸಾದಲ್ಲಿ ನಾರುತೊವಿಚ್ ಅವರ ಜಾಡು ಹಿಡಿದು

ಪೋಲೆಂಡಿನ ಮೊದಲ ರಾಷ್ಟ್ರಾಧ್ಯಕ್ಷ ಗಾಬ್ರಿಯೆಲ್ ನಾರುತೊವಿಚ್ ಅವರ ಅಧಿಕಾರಾವಧಿಯ ಇಡೀ ಇತಿಹಾಸವನ್ನು ವಾರ್ಸಾದಲ್ಲಿ ಒಂದು ಮಧ್ಯಾಹ್ನದೊಳಗೆ ಕಾಲ್ನಡಿಗೆಯಲ್ಲೇ ಸುತ್ತಿ ಬರಬಹುದು. ನಾನು ಹೊರಟದ್ದು ವಿಯೆಸ್ಕಾ ಬೀದಿಯ ಸಂಸತ್ ಭವನದಿಂದ. 1922ರ ಡಿಸೆಂಬರ್ 9ರಂದು ಅಲ್ಲಿ ಸೇರಿದ್ದ ರಾಷ್ಟ್ರೀಯ ಸಭೆ ಐದು ಸುತ್ತು ಮತ ಹಾಕಿತು. ಮೊದಲ ಸುತ್ತಿನಲ್ಲಿ 62 ಮತಗಳಷ್ಟೇ ಬಿದ್ದಿದ್ದ ನಾರುತೊವಿಚ್ ಕೊನೆಯ ಸುತ್ತಿನಲ್ಲಿ 289 ಮತ ಪಡೆದು, ಬಲಪಂಥೀಯರ ಅಭ್ಯರ್ಥಿಯಾಗಿದ್ದ ಭಾರೀ ಜಮೀನ್ದಾರ ಮೌರಿತ್ಸಿ ಝಮೊಯ್ಸ್ಕಿ ಅವರನ್ನು ಸೋಲಿಸಿದರು. ಝಮೊಯ್ಸ್ಕಿಗೆ ಬಂದದ್ದು 227. ಎಡಪಂಥೀಯರು, ರೈತ ಪಕ್ಷಗಳವರು ಮತ್ತು ಯಹೂದಿ, ಉಕ್ರೇನಿಯನ್, ಜರ್ಮನ್ ಮೊದಲಾದ ಅಲ್ಪಸಂಖ್ಯಾತರ ಪ್ರತಿನಿಧಿಗಳು ಒಟ್ಟಾಗಿ ನಾರುತೊವಿಚ್ ಅವರನ್ನು ಗೆಲ್ಲಿಸಿದ್ದರು. ಅಲ್ಪಸಂಖ್ಯಾತರ ಮತದಿಂದ ಗೆದ್ದವರು ದೇಶದ ಅಧ್ಯಕ್ಷರಾಗಲು ಅರ್ಹರಲ್ಲ ಎಂಬ ಕೂಗು ಅಂದು ಸಂಜೆಯೇ ಬೀದಿಗಿಳಿಯಿತು.

ಸಂಸತ್ತಿನಿಂದ ತುಸು ದೂರ ನಡೆದರೆ ಮೂರು ಶಿಲುಬೆಗಳ ಚೌಕ, ಅಲ್ಲಿಂದ ದಕ್ಷಿಣಕ್ಕೆ ಮರಗಳ ಸಾಲಿನ ಉಯಾಜ್ದೋವ್ಸ್ಕಿಯೆ ರಾಜಬೀದಿ. ಡಿಸೆಂಬರ್ 11ರಂದು ಪ್ರಮಾಣವಚನಕ್ಕೆಂದು ತೆರೆದ ಸಾರೋಟಿನಲ್ಲಿ ಹೊರಟಿದ್ದ ನಾರುತೊವಿಚ್ ಅವರ ಮೇಲೆ ಇದೇ ಬೀದಿಯಲ್ಲಿ ಜನ ಹಿಮದ ಉಂಡೆಗಳನ್ನೂ ಮಂಜುಗಡ್ಡೆಗಳನ್ನೂ ಎಸೆದರು. ದಾರಿಗೆ ಬೆಂಚುಗಳನ್ನು ಅಡ್ಡವಿಟ್ಟರು. ಅವರು ಹಿಂದಿರುಗದೆ ಸಂಸತ್ತನ್ನು ತಲುಪಿ ಪ್ರಮಾಣ ಸ್ವೀಕರಿಸಿದರು. ಇಂದು ರಾಯಭಾರ ಕಚೇರಿಗಳೂ ಉದ್ಯಾನಗಳೂ ತುಂಬಿರುವ ಈ ಪ್ರಶಾಂತ ಬೀದಿಯಲ್ಲಿ ನಿಂತು ಆ ದೃಶ್ಯವನ್ನು ಕಲ್ಪಿಸಿಕೊಳ್ಳುವುದು ನನಗೆ ಬಹಳ ಕಷ್ಟವಾಯಿತು.

ಬೀದಿಯ ತುದಿಯಲ್ಲಿ ಬಿಳಿಯ ಕಂಬಗಳ ಬೆಲ್ವೆಡೆರ್ ಅರಮನೆಯಿದೆ. 1918ರಿಂದ ರಾಷ್ಟ್ರದ ಮುಖ್ಯಸ್ಥರಾಗಿದ್ದ ಯೂಝೆಫ್ ಪಿಲ್ಸುಡ್ಸ್ಕಿ ಡಿಸೆಂಬರ್ 14ರಂದು ಇಲ್ಲಿಯೇ ಅವರಿಗೆ ಅಧಿಕಾರ ಹಸ್ತಾಂತರಿಸಿದರು. ಆಗ ನಾರುತೊವಿಚ್ ಅವರಿಗೆ 57 ವರ್ಷ. ರಾಜಕೀಯಕ್ಕೆ ಬಂದು ಎರಡೂವರೆ ವರ್ಷವಾಗಿತ್ತು, ಅಷ್ಟೆ. ಅದಕ್ಕೆ ಹಿಂದಿನ ಅವರ ಬದುಕೆಲ್ಲ ನೀರಿನ ಕೆಲಸದ್ದು. ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದಿನ ಲಿಥುವೇನಿಯಾದ ತೆಲ್ಶೆಯಲ್ಲಿ 1865ರಲ್ಲಿ ಹುಟ್ಟಿದ ಅವರು ಜ್ಯೂರಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಓದಿ, ಸ್ವಿಸ್ ಪೌರತ್ವ ಪಡೆದು, ರೈನ್ ನದಿಯ ನಿಯಂತ್ರಣ ಕಾಮಗಾರಿಯಲ್ಲಿ ದುಡಿದು, 1907ರಲ್ಲಿ ಅದೇ ವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗ್ ಪ್ರಾಧ್ಯಾಪಕರಾದರು. ಬರ್ನ್ ನಗರದ ಸಮೀಪ ಆರೆ ನದಿಗೆ ಕಟ್ಟಿದ ಮ್ಯೂಲೆಬರ್ಗ್ ಜಲವಿದ್ಯುತ್ ಸ್ಥಾವರ ಅವರ ದೊಡ್ಡ ಸಾಧನೆ. ಅದರ ಹಿನ್ನೀರಿನಿಂದಲೇ ವೋಲನ್ ಸರೋವರ ಮೈದಾಳಿತು. ಅವರ ಅಣ್ಣ ಸ್ತನಿಸ್ವಾವ್ 1918ರಲ್ಲಿ ಲಿಥುವೇನಿಯಾದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು. ಒಂದೇ ತಾಯಿಯ ಮಕ್ಕಳಿಬ್ಬರು ಎರಡು ದೇಶಗಳ ಹುಟ್ಟಿಗೆ ಹೆಗಲು ಕೊಟ್ಟರು ಎಂಬುದು ಆ ಪ್ರದೇಶದ ಚರಿತ್ರೆಯನ್ನು ಅರಿತವರಿಗೆ ಅಚ್ಚರಿಯೆನಿಸದು. ನನ್ನ ಮನಸ್ಸನ್ನಂತೂ ಅದು ಬಹಳ ಹೊತ್ತು ಹಿಡಿದಿಟ್ಟಿತು.

ಯುದ್ಧದಿಂದ ಜರ್ಜರಿತವಾದ ಪೋಲೆಂಡ್ ಕರೆದಾಗ ಆ ನೆಮ್ಮದಿಯ ಬದುಕನ್ನು ಬಿಟ್ಟು ಬಂದ ಅವರು, 1920ರ ಜೂನ್‌ನಲ್ಲಿ ಲೋಕೋಪಯೋಗಿ ಸಚಿವರಾಗಿ ಸೇತುವೆ, ರಸ್ತೆಗಳ ಪುನರ್ನಿರ್ಮಾಣದಲ್ಲಿ ತೊಡಗಿದರು. 1922ರಲ್ಲಿ ವಿದೇಶಾಂಗ ಸಚಿವರಾದರು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ನಾನು ಸ್ಯಾಕ್ಸನ್ ಉದ್ಯಾನದ ಪಕ್ಕದ ಜಾಹೆಂತಾ ಕಲಾ ಗ್ಯಾಲರಿಯನ್ನು ತಲುಪಿದೆ. 1900ರಲ್ಲಿ ತೆರೆದ ಈ ಕಟ್ಟಡದ ಬಾಗಿಲು ದಾಟಿದೊಡನೆ ಅಗಲವಾದ ಕಲ್ಲಿನ ಮೆಟ್ಟಿಲುಗಳು ಎದುರಾಗುತ್ತವೆ. ಅಲ್ಲೇ ಕತ್ತಿಮಲ್ಲನೊಬ್ಬನ ಕಂಚಿನ ಪ್ರತಿಮೆಯಿದೆ. ಮೇಲಿನ ಕೋಣೆಗಳಲ್ಲಿ ಈಗ ಇಂದಿನ ಕಲಾವಿದರ ಕೃತಿಗಳಿವೆ. 1922ರ ಡಿಸೆಂಬರ್ 16ರಂದು ಚಿತ್ರಪ್ರದರ್ಶನದ ಉದ್ಘಾಟನೆಗೆ ಬಂದಿದ್ದ ಅಧ್ಯಕ್ಷರು ಒಂದು ಚಿತ್ರದ ಮುಂದೆ ನಿಂತಿದ್ದಾಗ, ಚಿತ್ರಕಾರನೂ ಕಲಾವಿಮರ್ಶಕನೂ ಆಗಿದ್ದ ಎಲಿಗಿಯುಶ್ ನೆವ್ಯಾದೊಮ್ಸ್ಕಿ ಹಿಂದಿನಿಂದ ಮೂರು ಗುಂಡು ಹಾರಿಸಿದ. ಪ್ರಮಾಣವಚನ ಸ್ವೀಕರಿಸಿ ಐದು ದಿನಗಳಾಗಿದ್ದವು. ತಾನು ಮೊದಲು ಕೊಲ್ಲಬೇಕೆಂದಿದ್ದುದು ಪಿಲ್ಸುಡ್ಸ್ಕಿಯನ್ನು ಎಂದು ಅವನು ನ್ಯಾಯಾಲಯದಲ್ಲಿ ಹೇಳಿದ. 1923ರ ಜನವರಿ 31ರಂದು ಅವನಿಗೆ ಮರಣದಂಡನೆಯಾಯಿತು. ಅವನನ್ನು ವೀರನೆಂದು ಕೊಂಡಾಡಿದವರು, ಅವನ ಆತ್ಮಕ್ಕಾಗಿ ಚರ್ಚುಗಳಲ್ಲಿ ಪೂಜೆ ಮಾಡಿಸಿದವರು ಕಡಿಮೆಯಿರಲಿಲ್ಲ. ಕೊಲೆಗಿಂತ ಈ ಸಂಗತಿಯೇ ನನ್ನನ್ನು ಹೆಚ್ಚು ಕಲಕಿತು. ಗುಂಡು ಹಾರಿಸಿದ್ದು ಒಬ್ಬನಾದರೂ ಅದಕ್ಕೆ ಬೇಕಾದ ದ್ವೇಷವನ್ನು ವಾರವಿಡೀ ಪತ್ರಿಕೆಗಳೂ ಭಾಷಣಗಳೂ ಉಣಿಸಿದ್ದವು.

ಹಳೆಯ ಪಟ್ಟಣದ ಸಂತ ಯೋಹಾನರ ಕ್ಯಾಥೆಡ್ರಲ್ 1944ರಲ್ಲಿ ನೆಲಸಮವಾಗಿ ಮತ್ತೆ ಎದ್ದು ನಿಂತದ್ದು. ಅದರ ನೆಲಮಾಳಿಗೆಯಲ್ಲಿ ನಾರುತೊವಿಚ್ ಅವರ ಸಮಾಧಿಯಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ಪೋಲೆಂಡಿನ ಸಂತ್ರಸ್ತರಿಗೆ ನೆರವು ಸಂಗ್ರಹಿಸುವ ಕೆಲಸದ ಮುಂದಾಳುಗಳಾಗಿದ್ದ ಸಾಹಿತಿ ಸಿಯೆಂಕಿಯೆವಿಚ್ ಮತ್ತು ಪಿಯಾನೊವಾದಕ ಪಾದೆರೆವ್ಸ್ಕಿ ಕೂಡ ಇಲ್ಲೇ ಮಲಗಿದ್ದಾರೆ. ಅಂದು ಆ ಕಾರ್ಯಕ್ಕೆ ನಾರುತೊವಿಚ್ ಕೂಡ ಕೈಜೋಡಿಸಿದ್ದರು. ಅಧ್ಯಕ್ಷರ ಹೆಸರು ಕೇಳಿದೊಡನೆ ಜನ ಕೊಲೆಯ ಕಥೆಯನ್ನಷ್ಟೇ ಹೇಳುತ್ತಾರೆ. ಪೋಲೆಂಡಿನ ದಕ್ಷಿಣದಲ್ಲಿ ಸೊವಾ ನದಿಗೆ ಪೊರೊಂಬ್ಕಾ ಎಂಬಲ್ಲಿ ಅಣೆಕಟ್ಟು ಬೇಕೆಂದು ಸಚಿವರಾಗಿದ್ದಾಗ ಪಟ್ಟು ಹಿಡಿದವರು ಅವರೇ ಎಂಬುದನ್ನೂ ಅದರೊಂದಿಗೆ ಹೇಳಬೇಕು. ಆ ಅಣೆಕಟ್ಟಿನ ಕಾಮಗಾರಿ ಮುಗಿದದ್ದು 1936ರಲ್ಲಿ.